ಹಳದಿ ಪಟ್ಟಿಯ ದೇಗ

ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ ನಲ್ಲಿ ನೀರು. ಇವತ್ತು ಬೆಳಿಗ್ಗೆ ಆರಕ್ಕೇ ಬಂತು. ಎರಡು ಕೊಡ ಅಡಿಗೆಮನೆಗೆ, ಒಂದು ಬಕೀಟು ತುಳಸಿಗೆ, ಉಳಿದದ್ದು ಸಿಂಟೆಕ್ಸಿಗೆ. ಪೈಪಿನ ತುದಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ ಹಿಂಡಿ ಒಣಹಾಕಿದೆ. ಒಬ್ಬಳಿಗೇ ಚಹಾ ಮಾಡುವಾಗ ಪುಡಿ ಎಷ್ಟು ಹಾಕಬೇಕೆಂಬುದು ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಇವತ್ತೂ ಕಡಕ್ ಆಯಿತು. ನಮ್ಮವರು ಈಗ ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದಾರೆ, ಲಿಂಗಸುಗೂರಿಗೆ ಬರುವುದು ಶನಿವಾರ ಸಂಜೆ. ಮಗಳ ಫೋನು ಹನ್ನೊಂದಕ್ಕೆ ಬರುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಮಾತಾಡುವುದು ಕುಕ್ಕರ್ ಒಂದೇ.

ಹಾಲಿನ ಪಾತ್ರೆ ತೊಳೆಯುತ್ತಿದ್ದಾಗ ಆ ವಾಸನೆ ಬಂತು. ಮೊದಲು ಇದ್ದಿಲು, ಆಮೇಲೆ ಮೂಗಿನೊಳಗೆ ಚುಚ್ಚುವ ನವಸಾಗರದ ಹೊಗೆ. ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ಗೇಟಿಗೆ ಹೋದೆ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಕಲಾಯಿಯವನೊಬ್ಬ ತಿದಿ ಹೂಡಿಕೊಂಡು ಕೂತಿದ್ದ. ಈಗ ತಾಮ್ರದ ಪಾತ್ರೆ ಯಾರ ಮನೆಯಲ್ಲಿವೆ? ಯಾವುದೋ ಒಂದು ಹಂಡೆ ಬಂದಿತ್ತು. ಅವನು ಅದನ್ನು ಕೆಂಡದ ಮೇಲೆ ತಿರುಗಿಸಿ, ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದ. ಕಪ್ಪಾಗಿದ್ದ ಒಳಮೈ ಕಣ್ಣೆದುರಿಗೇ ಬೆಳ್ಳಗಾಯಿತು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ವಾಸನೆ ಕಿಟಕಿಯಿಂದ ಬಂತು.

ಊಟದ ಟೇಬಲ್ಲಿನ ಮೇಲೆ ಒಂದು ವಾರದಿಂದ ಬಿಳಿ ಹಾಳೆಗಳು ಬಿದ್ದಿವೆ. ಎದುರುಮನೆಯ ಶಶಿಕಲಾ ಕೊಟ್ಟು ಹೋದದ್ದು. ನಮ್ಮ ಕಾಲೋನಿಯ ಹೆಣ್ಣುಮಕ್ಕಳ ಸಂಘ ಒಂದು ಪುಸ್ತಿಕೆ ತರುತ್ತಿದೆ. ಈ ಸೀಮೆಯಲ್ಲಿ ಮೊದಲಿಗರಾಗಿ ಏನಾದರೂ ಮಾಡಿದ ಹೆಂಗಸರ ಬಗ್ಗೆ ಒಬ್ಬೊಬ್ಬರು ಒಂದೊಂದು ಪುಟ ಬರೆಯಬೇಕು. ಶಶಿಕಲಾಳ ತವರು ಮಸ್ಕಿ. "ನಮ್ಮ ಮಸ್ಕಿ ಹಲೀಮಾಬಿ ಮ್ಯಾಲ ನೀವ ಬರೀರಿ ಅಕ್ಕಾರ. ಭಾಂಡೆ ಬಾಡಿಗಿ ಅಂಗಡಿ ಹಾಕಿದ್ಲಲ್ಲ, ಅಕಿ. ನೀವು ಕಾನ್ವೆಂಟಿನಾಗ ಕಲ್ತಾರು, ನಿಮ್ಮ ಅಕ್ಷರ ಮುತ್ತಿನಂಗದಾವ. ಬೇಕಾದ್ರ ಅಕಿ ಸುದ್ದಿ ನಾ ಹೇಳ್ತೀನಿ," ಎಂದಿದ್ದಳು. ನಾನು ಹೂಂ ಎಂದು ತಲೆ ಆಡಿಸಿದೆ. ಅಲ್ಲೇ ನಿಂತು ಒಂದಿಷ್ಟು ಹೇಳಿಯೂ ಹೋದಳು. ನಾವು ಮಸ್ಕಿಯಲ್ಲಿದ್ದೆವೆಂದು ಇಲ್ಲಿ ಯಾರಿಗೂ ಹೇಳಿಲ್ಲ. ಯಾರಾದರೂ ಕೇಳಿದರೆ ಸಿಂಧನೂರಿನಲ್ಲಿದ್ದೆವು ಎನ್ನುತ್ತೇನೆ. ಅದು ಸುಳ್ಳೇನಲ್ಲ, ಮಸ್ಕಿಯ ನಂತರ ಸಿಂಧನೂರಿನಲ್ಲಿ ಒಂಬತ್ತು ವರ್ಷ ಇದ್ದೆವು.

ಮಸ್ಕಿಯಲ್ಲಿದ್ದದ್ದು ಒಂದು ವರ್ಷಕ್ಕೂ ಕಡಿಮೆ. ಅದರಲ್ಲಿ ನೆನಪಾಗುವುದು ಒಂದೇ ಬೇಸಿಗೆ.

ಮದುವೆಯಾಗಿ ಐದನೆಯ ತಿಂಗಳು. ನಮ್ಮವರು ಕಾಲುವೆಯ ಸೆಕ್ಷನ್ ಆಫೀಸರು. ಬೆಳಿಗ್ಗೆ ಜೀಪು ಬಂದು ಕರೆದುಕೊಂಡು ಹೋದರೆ ಬರುವಾಗ ಕತ್ತಲು. ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ಮುಟ್ಟಿಲ್ಲವೆಂದು ದಿನವೂ ಒಂದು ಜಗಳ. ನನಗೆ ಇಪ್ಪತ್ತೆರಡು. ಬಳ್ಳಾರಿಯ ಕಾನ್ವೆಂಟಿನಲ್ಲಿ ಊಟಕ್ಕೂ ಗಂಟೆ, ಪ್ರಾರ್ಥನೆಗೂ ಗಂಟೆ, ಮಾತಿಗೂ ಗಂಟೆ ಹೊಡೆಯುತ್ತಿದ್ದರು. ಮಸ್ಕಿಯಲ್ಲಿ ಇಡೀ ದಿನಕ್ಕೆ ಒಂದೂ ಗಂಟೆ ಇರಲಿಲ್ಲ. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಅದರ ಮೇಲಿನ ಬಿಸಿಲು ಯಾವ ಬಂಡೆಯಿಂದ ಯಾವ ಬಂಡೆಗೆ ಸರಿಯಿತೆಂದು ನೋಡಿ ನಾನು ಹೊತ್ತು ಹೇಳುತ್ತಿದ್ದೆ. ಮೂರು ಗಂಟೆಯ ಹೊತ್ತಿಗೆ ಎರೆಯ ಹೊಲಗಳ ಕಡೆಯಿಂದ ಬಿಸಿ ಗಾಳಿ ಎದ್ದು, ಒರೆಸಿದ ಕಟ್ಟೆಯ ಮೇಲೆ ಮತ್ತೆ ಕರಿ ಧೂಳು ಕೂರುತ್ತಿತ್ತು. ಇನ್ನೊಂದು ಸಲ ಒರೆಸುವ ಕೆಲಸ ಸಿಕ್ಕಿತಲ್ಲ ಎಂದು ಸಂತೋಷಪಡುತ್ತಿದ್ದೆ.

ಹಿತ್ತಲ ಗೋಡೆಯ ಆಚೆಯಿಂದ ಪಾತ್ರೆಗಳ ಸದ್ದು ಬರುತ್ತಿತ್ತು. ಮನೆಯ ಪಾತ್ರೆಯ ಸದ್ದಲ್ಲ, ದೊಡ್ಡದು, ಗುಡಿಯ ಗಂಟೆಯಂಥದು. ಒಂದು ದಿನ ಗೋಡೆಯ ಮೇಲೆ ಒಂದು ಮುಖ ಕಾಣಿಸಿತು. ನಲವತ್ತೈದರ ಹೆಂಗಸು, ತಲೆಯ ಮೇಲೆ ಸೆರಗು, ಮೂಗಿನ ತುದಿಗೆ ಮಸಿ.

"ಏ ಬೇಟಿ, ಅಕ್ಷರ ಬರ್ತಾವೇನು ನಿನಗ?"

"ಬರುತ್ತವೆ," ಎಂದೆ.

"ಬರುತ್ತವೆ!" ಎಂದು ಅವಳು ನನ್ನ ಹಾಗೆಯೇ ಹೇಳಿ ನಕ್ಕಳು. "ರೇಡಿಯೋ ಮಾತಾಡಿದಂಗ ಮಾತಾಡ್ತಿ ಬೇ. ಬಾ ಇತ್ಲಾಗ. ಯಾರ ಮನಿಗಿ ಯಾವ ಭಾಂಡೆ ಹೋಗ್ಯಾವ ಅಂತ ಚೀಟಿ ಬರೀಬೇಕು. ನಮ್ಮನಿಯಾವ್ರಿಗೆ ಕೆಮ್ಮು, ಪೆನ್ನು ಹಿಡಿದ್ರ ಕಾಗದ ಅಲ್ಲಾಡತೈತಿ."

ಹೀಗೆ ನಾನು ಹಲೀಮಾಬಿಯ ಅಂಗಳಕ್ಕೆ ಹೋದೆ. ಆಮೇಲೆ ದಿನವೂ ಹೋದೆ.

ಅವಳ ಗಂಡ ಹುಸೇನಸಾಬ್ ಕಲಾಯಿಗಾರ. ಗುರುಗುಂಟಾದಿಂದ ಬಳಗಾನೂರಿನವರೆಗೆ ಸೈಕಲ್ಲಿನ ಮೇಲೆ ತಿದಿ ಕಟ್ಟಿಕೊಂಡು ತಿರುಗಿದವನು. ಇಪ್ಪತ್ತು ವರ್ಷ ಹೊಗೆ ಕುಡಿದು ಎದೆ ಕೆಟ್ಟು ಮನೆಯಲ್ಲಿ ಕೂತಾಗ, ಹಲೀಮಾಬಿ ತನ್ನ ತವರಿನಿಂದ ಬಂದಿದ್ದ ಎರಡು ದೇಗಗಳನ್ನು ಬಾಡಿಗೆಗೆ ಬಿಟ್ಟಳು. ದೇಗವೆಂದರೆ ಇಡೀ ಮದುವೆಯ ಅನ್ನ ಒಂದೇ ಸಲಕ್ಕೆ ಬೇಯುವ ತಾಮ್ರದ ಪಾತ್ರೆ. ಎತ್ತಲು ಇಬ್ಬರು ಬೇಕು. ಅದಕ್ಕೂ ಮುಂಚೆ ಮಸ್ಕಿಯಲ್ಲಿ ಮದುವೆ ಬಂದರೆ ಮನೆಮನೆ ತಿರುಗಿ ಪಾತ್ರೆ ಕೂಡಿಸಬೇಕಿತ್ತು. ಮಠದ ಪಾತ್ರೆ ಮಠದವರಿಗೆ, ದರ್ಗಾದ ಪಾತ್ರೆ ದರ್ಗಾದವರಿಗೆ. ಎರಡೂ ಇಲ್ಲದವರು ಎಣ್ಣೆಯ ಡಬ್ಬದಲ್ಲಿ ಅನ್ನ ಮಾಡುತ್ತಿದ್ದರು. ಹಲೀಮಾಬಿ ಒಬ್ಬಳೇ ರಾಯಚೂರಿನಿಂದ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಸ್ಟೀಲಿನ ತಾಟುಗಳ ಗೋಣಿಚೀಲ ತಂದಳು. "ಹೆಣ್ಣಮಗಳ ಕೈಲಿ ಯಾರು ವ್ಯಾಪಾರ ಮಾಡ್ತಾರ," ಎಂದು ಬಜಾರಿನವರು ಅಂದಾಗ, "ಅಡಿಗಿ ಭಾಂಡೆ ವಿಷಯ ಗಂಡಸರಿಗೇನ್ ಗೊತ್ತದ ಬಿಡೋ, ತಿನ್ನೋದೊಂದು ಗೊತ್ತದ," ಅಂದಳಂತೆ.

ಅವಳ ಹೆಮ್ಮೆಯೆಲ್ಲ ಒಂದರಲ್ಲೇ ಇತ್ತು. ಅಂಗಳದ ಎರಡು ಬದಿಗೆ ಎರಡು ಕೋಣೆ. ಒಂದರಲ್ಲಿ ಹುಗ್ಗಿ ಭಾಂಡೆ, ಇನ್ನೊಂದರಲ್ಲಿ ಬಿರ್ಯಾನಿ ಭಾಂಡೆ. ಸಸ್ಯಾಹಾರ ಮಾಂಸಾಹಾರ ಎಂಬ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ; ಹುಗ್ಗಿ ಮನಿ, ಬಿರ್ಯಾನಿ ಮನಿ, ಅಷ್ಟೇ. ಹುಗ್ಗಿ ದೇಗಗಳ ಕಂಠಕ್ಕೆ ಹಳದಿ ಬಣ್ಣದ ಪಟ್ಟಿ, ಬಿರ್ಯಾನಿಯವಕ್ಕೆ ನೀಲಿ. ಹುಗ್ಗಿಯ ಪಾತ್ರೆ ತಿಕ್ಕಲು ಮಠದ ಓಣಿಯ ಅಜ್ಜಿಯೊಬ್ಬಳು ಬರುತ್ತಿದ್ದಳು. ಸ್ನಾನವಾಗದೆ ಹಲೀಮಾಬಿ ತಾನೂ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಊರಿನ ಕಟ್ಟಾ ಲಿಂಗಾಯತರ ಮನೆಯ ಹುಗ್ಗಿ ಅವಳ ದೇಗದಲ್ಲಿ ಬೇಯುತ್ತಿತ್ತು. ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ. "ಒಂದ ಅಂಗಳ ಬೇಟಿ," ಎನ್ನುತ್ತಿದ್ದಳು, "ಎಲ್ಲಾರ ಲಗ್ನಾನೂ ಇಲ್ಲಿಂದನ ಹೊಂಡತಾವ."

ನಾನು ಲಿಂಗಾಯತರವಳು. ಅವಳ ಮನೆಯಲ್ಲಿ ಮೊದಲ ದಿನ ನೀರು ಕುಡಿಯಲು ಹಿಂಜರಿದೆ. ಅವಳು ಮರುದಿನದಿಂದ ನನಗೊಂದು ಹೊಸ ಸ್ಟೀಲಿನ ಲೋಟ ಬೇರೆ ಇಟ್ಟಳು. ಹತ್ತು ದಿನಕ್ಕೆ ನಾನು ಆ ಲೋಟ ಬಿಟ್ಟು ಅವಳ ಕಪ್ಪಿನಲ್ಲೇ ಚಹಾ ಕುಡಿಯುತ್ತಿದ್ದೆ. ಅವಳು ಹೊಸ ಲೋಟದಲ್ಲಿ ಪೆನ್ನುಗಳನ್ನು ಹಾಕಿಟ್ಟಳು.

ಆ ವರ್ಷ ಮುಹೂರ್ತಗಳೆಲ್ಲ ಒಟ್ಟಿಗೇ ಬಂದವು. ಮಾಮೂಲಾಗಿ ಒಂದು ವಾರ ಹುಗ್ಗಿಯ ದೇಗಗಳಿಗೆ ಕಲಾಯಿಯಾದರೆ ಇನ್ನೊಂದು ವಾರ ಬಿರ್ಯಾನಿಯವಕ್ಕೆ. ಕಲಾಯಿಯ ಕೆಂಡದ ಮೇಲೆ ಹೊರಳಿಸಿದರೆ ಕಂಠದ ಬಣ್ಣ ಸುಟ್ಟುಹೋಗುತ್ತದೆ, ಹಾಗಾಗಿ ಎರಡನ್ನೂ ಒಂದೇ ದಿನ ಮಾಡುವ ಹಾಗಿಲ್ಲ. ಆದರೆ ಆ ಸಲ ಬೇರೆ ದಾರಿ ಇರಲಿಲ್ಲ. ಹುಸೇನಸಾಬ್ ಕೆಮ್ಮುತ್ತಲೇ ತಿದಿಯ ಮುಂದೆ ಕೂತ. ಅದೇ ದಿನ ಹಟ್ಟಿಯ ಗಣಿ ಕಾಲೋನಿಯಿಂದ ಒಂದು ದೊಡ್ಡ ಲಗ್ನದ ಮಾತಿಗೆ ಹಲೀಮಾಬಿಗೆ ಕರೆ ಬಂತು.

"ನೋಡು ಬೇಟಿ," ಎಂದು ಬುರ್ಖಾ ಹಾಕಿಕೊಳ್ಳುತ್ತ ಹೇಳಿದಳು. "ಬೇವಿನ ಗಿಡದ ಕಡಿ ಏಳು, ಹುಗ್ಗೀವು. ಗ್ವಾಡಿ ಕಡಿ ಒಂಬತ್ತು, ಬಿರ್ಯಾನೀವು. ಕಲಾಯಿ ಆಗಿ ಆರಿದ ಮ್ಯಾಲ ಪಟ್ಟಿ ಹಚ್ಚು. ಅದಲಾಬದಲಿ ಆಗಬಾರದು ನೋಡು ಮತ್ತ. ನಾಳೆ ನಸಿಕಿಲೆ ಹುಗ್ಗೀವು ಬಳಗಾನೂರಿಗೆ ಹೋಗಬೇಕು."

"ನಾನು ನೋಡಿಕೊಳ್ತೀನಿ," ಎಂದೆ. ನನ್ನ ಮೇಲೆ ಬಿಟ್ಟು ಹೋದ ಮೊದಲ ಕೆಲಸ ಅದು. ತವರಿನಲ್ಲೂ ಇಲ್ಲ, ಗಂಡನ ಮನೆಯಲ್ಲೂ ಇಲ್ಲ, ಯಾರೂ ನನಗೆ ಹಾಗೆ ಏನನ್ನೂ ಒಪ್ಪಿಸಿರಲಿಲ್ಲ. ಕುಂಚ, ಎರಡು ಡಬ್ಬಿ ಬಣ್ಣ, ಒರೆಸಲು ಹಳೆಯ ಲುಂಗಿಯ ತುಂಡು, ಎಲ್ಲವನ್ನೂ ಸಾಲಾಗಿ ಜೋಡಿಸಿಕೊಂಡು ನೆರಳಿನಲ್ಲಿ ಕೂತೆ. ಒಂದೊಂದೇ ದೇಗ ಬೆಳ್ಳಗಾಗಿ ಬಂದು ತನ್ನ ಬದಿಗೆ ಹೋಗಿ ಕೂರುತ್ತಿತ್ತು.

ನಾಲ್ಕು ಗಂಟೆಗೆ ಗುಡ್ಡದ ಹಿಂದೆ ಕಪ್ಪಾಯಿತು. ಮೊದಲು ಗಾಳಿ. ಇದ್ದಿಲಿನ ಕಿಡಿ ಅಂಗಳದ ತುಂಬ ಹಾರಿತು. ಆಮೇಲೆ ಗೋಲಿ ಗಾತ್ರದ ಆಲಿಕಲ್ಲು, ಖಾಲಿ ದೇಗಗಳ ಮೇಲೆ ಬಿದ್ದು ಕಿವಿ ಕಿವುಡಾಗುವಂಥ ಸದ್ದು. ಇಬ್ಬರು ಹಮಾಲರು ಒಬ್ಬೊಬ್ಬರು ಒಂದೊಂದು ಬದಿಯಿಂದ ದೇಗಗಳನ್ನು ಸಿಕ್ಕಿದ ಹಾಗೆ ಎಳೆದು ಪಡಸಾಲೆಗೆ ತಂದರು. "ಹಳದಿ ಆ ಕಡೆ! ನೀಲಿ ಈ ಕಡೆ!" ಎಂದು ನಾನು ಕೂಗುತ್ತಿದ್ದೆ. ಯಾವುದಕ್ಕೂ ಆಗ ಹಳದಿ ನೀಲಿ ಇರಲಿಲ್ಲ ಎಂಬುದು ಹೊಳೆಯಲೇ ಇಲ್ಲ.

ಮಳೆ ಅರ್ಧ ತಾಸಿನಲ್ಲಿ ನಿಂತಿತು. ಹುಸೇನಸಾಬ್ ಹೊಗೆಗೂ ಥಂಡಿಗೂ ಕೆಮ್ಮಿ ಕೆಮ್ಮಿ ಒಳಗೆ ಹೋಗಿ ಮಲಗಿದ್ದ. ಪಡಸಾಲೆಯ ಆ ಬದಿಗೆ ಬೇವಿನ ಗಿಡದ ಕಡೆಯ ಆರು ದೇಗ, ಈ ಬದಿಗೆ ಗೋಡೆಯ ಕಡೆಯ ಎಂಟು. ಎರಡು ಮಾತ್ರ ನಡುಗಂಬದ ಹತ್ತಿರ ಒಂದಕ್ಕೊಂದು ಒರಗಿ ಕೂತಿದ್ದವು. ಒಂದು ಹುಗ್ಗಿಯದು, ಒಂದು ಬಿರ್ಯಾನಿಯದು. ಬಗ್ಗಿ ಮೂಸಿ ನೋಡಿದೆ. ಎರಡರಲ್ಲೂ ನವಸಾಗರದ ವಾಸನೆಯೇ. ಒಳಗೆ ಇಣುಕಿದೆ, ಎರಡರಲ್ಲೂ ನನ್ನದೇ ಮುಖ. ಒಂದಕ್ಕೆ ಹಿಡಿಕೆಯ ಕೆಳಗೆ ಅಂಗೈಯಗಲ ತಗ್ಗು ಬಿದ್ದಿತ್ತು. ಹಲೀಮಾಬಿ ಮೊದಲು ಕೊಂಡದ್ದು ಹುಗ್ಗಿಯ ದೇಗಗಳನ್ನು, ಹಳೆಯದಕ್ಕೇ ಅಲ್ಲವೇ ತಗ್ಗು ಬೀಳುವುದು ಎಂದುಕೊಂಡೆ. ಅವಳ ತವರಿನಿಂದ ಬಂದ ಎರಡು ಅದಕ್ಕೂ ಹಳೆಯವು ಎಂಬುದು ಆಗ ನೆನಪಾಗಲಿಲ್ಲ. ಹುಸೇನಸಾಬನನ್ನು ಎಬ್ಬಿಸಬಹುದಿತ್ತು. ಎರಡನ್ನೂ ಹಾಗೆಯೇ ಬಿಟ್ಟು ಹಲೀಮಾಬಿ ಬರುವವರೆಗೆ ಕಾಯಬಹುದಿತ್ತು. ಆದರೆ ಅವಳು ಬಂದಾಗ ಕೆಲಸ ಮುಗಿದಿರಬೇಕೆಂದು ನನಗೆ ಆಸೆ. ತಗ್ಗಿನ ದೇಗಕ್ಕೆ ಹಳದಿ ಪಟ್ಟಿ ಎಳೆದೆ. ಪಟ್ಟಿ ಎಷ್ಟು ನೇರವಾಗಿ ಬಂತೆಂದು ದೂರ ನಿಂತು ಕೂಡ ನೋಡಿದೆ.

ಮರುದಿನ ನಸುಕಿಗೆ ಟ್ರ್ಯಾಕ್ಟರ್ ಬಂದಾಗ ಹಲೀಮಾಬಿ ಹಳದಿ ಪಟ್ಟಿಗಳನ್ನು ಎಣಿಸಿದಳು. ಏಳು. "ಶಾಭಾಸ್ ಬೇಟಿ, ಸಾಲಿ ಮಕ್ಕಳು ಗೆರಿ ಹೊಡದಂಗ ಹೊಡದೀಯಲ್ಲ!" ಎಂದಳು. ಮುಟ್ಟಿ ನೋಡಲಿಲ್ಲ. ಮುಟ್ಟಿದ್ದರೆ ಅವಳ ಕೈಗೆ ತಿಳಿಯುತ್ತಿತ್ತು.

ಆಮೇಲಿನದನ್ನು ಅವಳ ಬಾಯಿಂದಲೇ ಕೇಳಿದೆ. ಬಳಗಾನೂರಿನ ಬಸ್ಸಿನಿಂದ ಇಳಿದವಳು ಬುರ್ಖಾ ತೆಗೆಯದೆ ಕಟ್ಟೆಯ ಮೇಲೆ ಕೂತಿದ್ದಳು. ಹುಗ್ಗಿ ಬೆಂದು, ಮೊದಲ ಪಂಕ್ತಿ ಕೂತು, ಬಡಿಸಲು ಶುರುವಾಗಿತ್ತಂತೆ. ಹುಡುಗಿಯ ಕಡೆಯ ಸೋದರಮಾವನೊಬ್ಬ ಒಲೆಯ ಹತ್ತಿರ ಬಂದವನು ತಗ್ಗು ನೋಡಿ, "ಏ, ಈ ದೇಗ ನಾ ಹಟ್ಟಿಯಾಗ ನೋಡೀನಲೇ! ಬಿರ್ಯಾನಿದು ಇದು!" ಎಂದುಬಿಟ್ಟನಂತೆ.

"ಅವನ ತಮ್ಮ ಕೇಳಿದ್ನಂತ," ಎಂದು ಹಲೀಮಾಬಿ ನಕ್ಕಳು, "'ಬಿರ್ಯಾನಿ ಒಲಿ ಮುಂದ ನೀ ಏನು ಮಾಡಾಕ ಹೋಗಿದ್ದಿ ಅಣ್ಣಾ?' ಅಂತ. 'ಲಗ್ನಕ್ಕ ಆಯೇರಿ ರೊಕ್ಕ ಕೊಡಾಕ ಹೋಗಿದ್ದೆ' ಅಂದ್ನಂತ. 'ಆಯೇರಿ ದೇಗದಾಗ ಹಾಕ್ತಾರೇನು?' ಅಂದ್ನಂತ ತಮ್ಮ. ಎಲ್ಲಾರೂ ನಕ್ರಂತ."

ಅವಳೂ ನಗುತ್ತಲೇ ಇದ್ದಳು, ಆಮೇಲೆ ನಿಲ್ಲಿಸಿದಳು. ಬೀಗರು ಪಂಕ್ತಿಯಿಂದ ಎದ್ದರು. ಹುಗ್ಗಿಯನ್ನು ಕಾಲುವೆಗೆ ಸುರಿದರು. ಹುಡುಗಿಯ ತಾಯಿ ಮದುವೆ ಮುರಿಯಿತೆಂದು ಹೊಸ್ತಿಲಲ್ಲಿ ತಲೆ ಬಡಿದುಕೊಂಡಳು. ಯಾರೋ ಮೋಟರ್ ಸೈಕಲ್ಲಿನ ಮೇಲೆ ಬಂದು ಹೇಳಿದಾಗ ಹಲೀಮಾಬಿ ಅದೇ ಗಾಡಿಯ ಹಿಂದೆ ಕೂತು ಹೋಗಿ, ಆ ಮನೆಯ ಅಂಗಳದಲ್ಲಿ ನಿಂತು, "ಪಟ್ಟಿ ನಾನ ಹಚ್ಚೀನಿ. ಕಣ್ಣು ಮಬ್ಬಾಗ್ಯಾವ. ತಪ್ಪು ನಂದು. ಲಗ್ನ ನಿಲ್ಲಸಬ್ಯಾಡ್ರಿ," ಎಂದು ಸೆರಗೊಡ್ಡಿದಳಂತೆ. ಲಗ್ನ ಆಯಿತು. ಊಟ ಮಾತ್ರ ಮಠದ ಪಾತ್ರೆ ತರಿಸಿ ಹೊಸದಾಗಿ ಮಾಡಿದರು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಬೆರಳ ಸಂದಿಯಲ್ಲಿ ಹಳದಿ ಬಣ್ಣ ಇನ್ನೂ ಹೋಗಿರಲಿಲ್ಲ. ಅವಳು ಕೇಳುತ್ತಾಳೆಂದು ಕಾದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಊಟ ಮಾಡಿದಿ?" ಎಂದು ಕೇಳಿದಳು. ಹ್ಞೂಂ ಎಂದೆ. ಮಾಡಿರಲಿಲ್ಲ.

ಬೆಳಿಗ್ಗೆ ನಮ್ಮವರಿಗೆ ಹೇಳಿದೆ. ಅವರು ಶೂ ಲೇಸು ಕಟ್ಟುತ್ತ, "ನೀ ಹಚ್ಚೀ ಅಂತ ಯಾರಿಗೆ ಗೊತ್ತದ? ಸುಮ್ಮನಿರು. ಬಳಗಾನೂರಿನವರ ಜೋಡಿ ನನಗ ದಿನಾ ನೀರಿನ ಕೆಲಸ ಇರತದ," ಎಂದರು. ಜೀಪು ಹೋಯಿತು.

ಆ ದಿನ ತಲೆನೋವೆಂದು ಅವಳ ಮನೆಗೆ ಹೋಗಲಿಲ್ಲ. ಮರುದಿನ ಸೋಮವಾರದ ಉಪವಾಸ. ಆಮೇಲೆ ನೆಪವೂ ಬೇಕಾಗಲಿಲ್ಲ. ಅವಳು ಗೋಡೆಯ ಆಚೆಯಿಂದ ಎರಡು ಸಲ, "ಬೇಟಿ?" ಎಂದಳು. ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟು ನಿಂತೆ. ನೀರು ಬಕೀಟು ತುಂಬಿ ಹರಿದು ಹೋಗುವವರೆಗೆ ನಿಂತೆ.

ಹುಗ್ಗಿ ಮನೆಯವರು ಬರುವುದು ನಿಂತಿತು. ಯಾರೂ ಬಂದು ಜಗಳವಾಡಲಿಲ್ಲ. ಕೊಟ್ಟಿದ್ದ ಮುಹೂರ್ತಗಳನ್ನು ಒಬ್ಬೊಬ್ಬರಾಗಿ ಹಿಂದಕ್ಕೆ ತೆಗೆದುಕೊಂಡರು. ಮಠದ ಓಣಿಯ ಅಜ್ಜಿ ಪಾತ್ರೆ ತಿಕ್ಕಲು ಬರಲಿಲ್ಲ. ತಿಂಗಳೊಳಗೆ ಬಜಾರಿನಲ್ಲಿ ಇನ್ನೊಂದು ಪಾತ್ರೆ ಅಂಗಡಿ ತೆರೆಯಿತು, ಬೋರ್ಡಿನ ಮೇಲೆ ಹುಗ್ಗಿಯವರಿಗೆ ಮಾತ್ರ ಎಂಬರ್ಥದ ದೊಡ್ಡ ಅಕ್ಷರ. ಒಂದು ಮಧ್ಯಾಹ್ನ ಸಿಂಧನೂರಿನ ಲಾರಿಯೊಂದು ಹಲೀಮಾಬಿಯ ಬಾಗಿಲಿಗೆ ಬಂತು. ನಾನು ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ಹುಗ್ಗಿಯ ಕೋಣೆಯಿಂದ ತಾಟು, ಬುಟ್ಟಿ, ಸೌಟು, ದೇಗ, ಎಲ್ಲ ಮಾರಾಟವಾಗಿ ಹೊರಗೆ ಬಂದವು. ಹಮಾಲರು ದೇಗಗಳನ್ನು ಎಸೆದ ಹಾಗೆ ಇಡುವುದು ನೋಡಿ ಹಲೀಮಾಬಿ ತಾನೇ ಲಾರಿ ಹತ್ತಿ, ಒಂದೊಂದನ್ನೂ ಬೋರಲು ಹಾಕಿ, ನಡುವೆ ಗೋಣಿತಟ್ಟು ತುರುಕಿ ಜೋಡಿಸಿದಳು. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಖಾಲಿ ಕೋಣೆಯ ಬಾಗಿಲು ಎಳೆದುಕೊಂಡಳು. ಚಿಲಕ ಹಾಕಲಿಲ್ಲ. ಚಿಲಕ ಹಾಕುವುದಕ್ಕೆ ಒಳಗೆ ಏನಿತ್ತು?

ಅವಳ ವ್ಯಾಪಾರ ಮುಳುಗಲಿಲ್ಲ, ಅದನ್ನೂ ಹೇಳಬೇಕು. ಬಿರ್ಯಾನಿಯ ಭಾಂಡೆ, ಶಾಮಿಯಾನಾ, ಕುರ್ಚಿ ಎಂದು ಹಟ್ಟಿಯಾಚೆಗೂ ಬೆಳೆಸಿದಳಂತೆ. ಆದರೆ ಒಂದೇ ಅಂಗಳ ಎಂಬ ಮಾತನ್ನು ಗೋಡೆಯ ಆಚೆಯಿಂದ ನಾನು ಮತ್ತೆ ಕೇಳಲಿಲ್ಲ.

ಕಾಲುವೆಗೆ ನೀರು ಬಿಡುವ ಹೊತ್ತಿಗೆ ನಮಗೆ ವರ್ಗವಾಯಿತು. ಸಾಮಾನು ಟೆಂಪೋಗೆ ಏರುತ್ತಿತ್ತು. ಕರೆಯದಿದ್ದರೂ ಹಲೀಮಾಬಿ ಬಂದಳು. "ಹಗ್ಗ ಹಿಂಗ ಕಟ್ಟತಾರೇನಲೇ? ಗಾಜಿನ ಸಾಮಾನು ಕೆಳಗ ಇಡ್ರಿ," ಎಂದು ಹುಡುಗರನ್ನು ಬೈದು ತಾನೇ ಗಂಟು ಬಿಗಿದಳು. ನನ್ನ ಕಡೆ ತಿರುಗಿ ನಿಂತಳು. ನಾನು ಬಾಯಿ ತೆರೆದೆ. ಟೆಂಪೋದವನು ಹಾರ್ನ್ ಹೊಡೆದ. ಹತ್ತಿ ಕೂತೆ. ಗುಡ್ಡ ಕಾಣುವವರೆಗೂ ಹಿಂದೆ ನೋಡಿದೆ. ಅವಳು ಕಂಡದ್ದು ಎಲ್ಲಿಯವರೆಗೆ ಎಂಬುದು ನೆನಪಿಲ್ಲ, ಕಣ್ಣಿನ ತುಂಬ ಧೂಳು.

ಸಿಂಧನೂರಿನಿಂದ ಮಸ್ಕಿಗೆ ಎಷ್ಟು ದೂರ? ಒಂಬತ್ತು ವರ್ಷದಲ್ಲಿ ಒಮ್ಮೆಯೂ ಇಳಿಯಲಿಲ್ಲ. ಬಸ್ಸು ಅಲ್ಲಿ ನಿಂತಾಗ ನಾನು ಇನ್ನೊಂದು ಬದಿಯ ಕಿಟಕಿಗೆ ಮುಖ ಮಾಡುತ್ತಿದ್ದೆ. ಅವಳು ತೀರಿಹೋದದ್ದು ತಿಳಿದದ್ದು ಶಶಿಕಲಾಳಿಂದ, ನಾಲ್ಕು ವರ್ಷದ ಹಿಂದೆ, ತರಕಾರಿ ಗಾಡಿಯ ಮುಂದೆ. ಆಗಲೂ "ಹೌದಾ?" ಎಂದಷ್ಟೇ ಅಂದೆ.

ಕಲಾಯಿಯವನು ಹತ್ತು ಗಂಟೆಗೆ ಹೊರಟುಹೋದ. ಮಗಳ ಫೋನು ಬಂತು. ಏನೂ ವಿಶೇಷ ಇಲ್ಲ ಎಂದೆ. ಊಟವಾದ ಮೇಲೆ ಕೂತು ಸಂಘದ ಪುಟ ಬರೆದು ಮುಗಿಸಿದೆ. ಹೈದರಾಬಾದಿನ ರೈಲು, ಸ್ಟೀಲಿನ ತಾಟುಗಳು, ಬಜಾರಿನವರಿಗೆ ಕೊಟ್ಟ ಉತ್ತರ, ಎರಡು ಕೋಣೆ, ಎರಡು ಬಣ್ಣ. ಬಳಗಾನೂರಿನ ಹತ್ತಿರ ಬಂದಾಗ ಪೆನ್ನು ನಿಂತಿತು. ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದೆ. ಕೊನೆಗೆ ಆ ಹಾಳೆ ಬಿಟ್ಟು, ಚೊಕ್ಕ ಪ್ರತಿಯಲ್ಲಿ "ಕಾಲಾನಂತರ ಹುಗ್ಗಿಯ ಪಾತ್ರೆಗಳ ವ್ಯಾಪಾರ ನಿಲ್ಲಿಸಿದರು" ಎಂದು ಒಂದು ಸಾಲು ಬರೆದೆ. ಅಕ್ಷರ ಚೆನ್ನಾಗಿಯೇ ಬಂದವು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಶಶಿಕಲಾ ಬಂದಳು. ಅಡಿಗೆಮನೆಯ ಬಾಗಿಲಿಗೆ ಒರಗಿ, ತುಟಿ ಅಲ್ಲಾಡಿಸುತ್ತ ಪುಟ ಓದಿದಳು. ನಾನು ಅವಳಿಗೆ ಬೆನ್ನು ಮಾಡಿ ಕಟ್ಟೆ ಒರೆಸುತ್ತಿದ್ದೆ.

"ಬಾಳ ಚಂದ ಬರದೀರಿ ಅಕ್ಕಾರ, ನೋಡಿದಾರು ಬರದಂಗ ಐತಿ," ಎಂದಳು. "ಆದ್ರ ಬಳಗಾನೂರ ದೇಗದ ಕತಿನ ಬಿಟ್ಟೀರಲ್ಲ? ನಿಮಗ ಹೇಳಾಕ ಮರ್ತೆ ನಾನು. ಆ ಪಟ್ಟಿ ತಪ್ಪಿ ಹಚ್ಚಿದಾಕಿ ಕಾಲುವಿ ಸಾಹೇಬ್ರ ಹೆಂಡ್ತಿ ಅಂತರೀ, ಯಾವುದೋ ಹುಡುಗಿ. ಹಲೀಮಾಬಿಗೆ ಅವತ್ತ ಗೊತ್ತಿತ್ತಂತ. ಖರೇ ಯಾಕ ಹೇಳಲಿಲ್ಲ ಬೇ ಅಂತ ನಮ್ಮವ್ವ ಕೇಳಿದ್ರ, ಹೇಳಿದ್ರ ಆ ಹುಡುಗಿ ನಾಚಿಕೊಂಡು ನಮ್ಮ ಅಂಗಳಕ್ಕ ಬರೋದ ಬಿಡ್ತಿತ್ತು, ಊರಾಗ ಅದಕ್ಕ ಮಾತಾಡಾಕ ಬ್ಯಾರೆ ಯಾರಿದ್ರು ಅಂದ್ಲಂತ. ಹಿಂಗಂದು ಒಂದ ನಮೂನಿ ನಕ್ಳಂತ. ಆ ಹುಡುಗಿ ಮುಂದ ಹೆಂಗೂ ಬರಲೇ ಇಲ್ಲಂತ ಬಿಡ್ರಿ... ಅಕ್ಕಾರ, ಒಂದೀಟು ಕೊತ್ತಂಬರಿ ಇದ್ರ ಕೊಡ್ತೀರೇನು? ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ."